ಶಾಲೆ ಮುಚ್ಚಿದ ಮರುದಿನ

ಇಪ್ಪತ್ತಾರು ವರ್ಷ ಹಳದಿ ಬಸ್ಸು ಓಡಿಸಿದವಳು ನಾನು,
ಆರ್ಲಿಸ್ ಟ್ವೈಟ್. ಈ ಸೀಮೆಯ ಅರ್ಧ ಜನಕ್ಕೆ
ನನ್ನ ಮುಖಕ್ಕಿಂತ ಕನ್ನಡಿಯೊಳಗಿನ ನನ್ನ ಕಣ್ಣೇ ಹೆಚ್ಚು ಪರಿಚಯ.

ನಿನ್ನೆ ಶಾಲೆ ಮುಚ್ಚಿತು.
ಸೀಟಿನ ಸಂದಿಯಿಂದ ಹೆಕ್ಕಿದ್ದು: ಒಂಟಿ ಕೈಗವಸು ಮೂರು,
ಕಚ್ಚಿ ಕಚ್ಚಿ ಮೊಂಡಾದ ಪೆನ್ಸಿಲು,
ಕಾಗದದಲ್ಲಿ ಸುತ್ತಿದ ಯಾರದೋ ಹಾಲುಹಲ್ಲು.
ಇಂದು ಪಿಕಪ್ಪಿನ ಬೆನ್ನಿಗೆ ಡೇರೆ, ಗ್ಯಾಸ್ ಒಲೆ, ಗಾಳಿಹಾಸಿಗೆ.
ತೂತಿದೆ ಅಂತ ಗೊತ್ತು. ಆದರೂ.

ಉದ್ಯಾನದ ಗೇಟಿನಲ್ಲಿ ಮಾರ್ವಿನ್ ಹಾಲೋ ಹಾರ್ನ್ ಚೀಟಿ ಹರಿದ.
ಎರಡನೇ ಕ್ಲಾಸಿನಲ್ಲಿ ನನ್ನ ಬಸ್ಸಲ್ಲಿ ವಾಂತಿ ಮಾಡಿಕೊಂಡವ;
ಈಗ ಅಗಲ ಟೋಪಿ, ಬಿಲ್ಲೆ, ಮೀಸೆ.
"ತಿಂಡಿ ಹೊರಗಿಡಬೇಡಿ, ಮಿಸೆಸ್ ಟ್ವೈಟ್.
ಕತ್ತೆ ಬಂದು ಬೇಡಿದರೂ ಕಿಟಕಿ ಇಳಿಸಬೇಡಿ.
ಕಾಡೆಮ್ಮೆಗೂ ನಿಮಗೂ ನಡುವೆ
ಎಂಟು ಬಸ್ಸು ನಿಲ್ಲುವಷ್ಟು ಜಾಗ ಇರಲಿ."
ಆಯ್ತು ಮರಿ, ಅಂದೆ.
ಹಿಂದಿನವ ಆಗಲೇ ಹಾರ್ನ್ ಒತ್ತಿದ್ದ.

ಎರಡು ತಿರುವು ದಾಟಿರಲಿಲ್ಲ,
ರಸ್ತೆ ತುಂಬ ಬೆನ್ನುಗಳು.

ಚಳಿಗಾಲದ ತುಪ್ಪಳ ಅರ್ಧ ಕಳಚಿ ಜೋತು
ಹರಕು ಕಂಬಳಿ ಹೊದ್ದ ದೊಡ್ಡಸ್ತಿಕೆ.
ಡಾಂಬರಿನ ಮೇಲೆ ಗೊರಸಿನ ಟಕ್ಕುಟಕ್ಕು,
ಪೈನ್ ವಾಸನೆಯೊಳಗೆ ಕೊಟ್ಟಿಗೆ ವಾಸನೆ.
ಇಟ್ಟಿಗೆ ಬಣ್ಣದ ಕರುವೊಂದು ನಡುವಿನ ಬಿಳಿಗೆರೆ ಮೂಸಿತು,
ಇಷ್ಟವಾಗಲಿಲ್ಲ.
ಇನ್ನೊಂದು ಅಲ್ಲೇ ಹಾಲಿಗೆ ಬಾಯಿ ಹಾಕಿತು.
ತಾಯಿ ನಿಂತಳು. ಅವಳಿಗಾಗಿ ಮಂದೆ ನಿಂತಿತು. ಮಂದೆಗಾಗಿ ನಾನು,
ನನ್ನ ಹಿಂದೆ ನೆಬ್ರಾಸ್ಕದ ಮನೆಗಾಡಿ, ಅದರ ಹಿಂದೆ ಯಾರ್ಯಾರೋ.

ಕೆಂಪು ಫಲಕದ ತೋಳು ಚಾಚಿ
ಎಷ್ಟು ಲಾರಿ ನಿಲ್ಲಿಸಿದ್ದೇನೆ, ಎಷ್ಟು ಅವಸರ,
ಬೂಟಿನ ದಾರ ಬಿಚ್ಚಿದ ಒಬ್ಬ ಪೋರ ದಾಟಲೆಂದು!
ಗಾಜಿನಾಚೆ ಬೈಯುವ ಬಾಯಿಗಳನ್ನು
ಸದ್ದಿಲ್ಲದೆ ಓದಲು ಕಲಿತಿದ್ದೇನೆ.
ಒಮ್ಮೆ, ಒಂದೇ ಒಮ್ಮೆ, ಒಬ್ಬ ನಿಲ್ಲಲಿಲ್ಲ.
ನವೆಂಬರು, ಮಂಜು.
ಹುಡುಗಿಯ ಉಣ್ಣೆಟೋಪಿ ಮಾತ್ರ ಹಾರಿತು, ಹುಡುಗಿ ಉಳಿದಳು.
ನನ್ನ ಬಲಗಾಲು ಈಗಲೂ ನಿದ್ದೆಯಲ್ಲಿ ಬ್ರೇಕು ತುಳಿಯುತ್ತದೆ.

ಎಂಜಿನ್ ಆರಿಸಿದೆ.
ಚಾಳಿ ಬಿಟ್ಟೀತೆ, ಕರುಗಳನ್ನು ಎಣಿಸಿದೆ.
ಹತ್ತೊಂಬತ್ತು.
ಮತ್ತೆ ಎಣಿಸಿದರೆ ಹದಿನೆಂಟು.
ಎದೆ ಧಸಕ್ಕೆಂದಿತು, ನಂಬಿ, ನನ್ನದಲ್ಲದ ಮಂದೆಗೆ!
ಆಮೇಲೆ ಕಂಡಿತು
ಆ ತಾಯಿಯ ಹೊಟ್ಟೆಯಡಿ ನಾಲ್ಕು ಹೆಚ್ಚಿನ ಕಾಲು.

ನಲವತ್ತು ನಿಮಿಷ ಹೋಯಿತೆಂದು ನೆಬ್ರಾಸ್ಕದವ
ರಾತ್ರಿ ನನ್ನ ಬೆಂಕಿಯ ಬಳಿ ಬಂದು ಗೊಣಗಿದ.
ಸುಟ್ಟ ಜೋಳದ ತೆನೆಯೊಂದು ಕೊಟ್ಟೆ. ಗೊಣಗಾಟ ತೆನೆಯೊಳಗೆ ಹೋಯಿತು.
ದೂರದಲ್ಲಿ ಕೊಯೋಟಿಗಳು
ಶಾಲೆ ಬಿಟ್ಟ ಮಕ್ಕಳ ಹಾಗೆ ಒಟ್ಟಿಗೇ ಕೂಗಿಕೊಂಡವು.
ಹಾಸಿಗೆ ಪುಸ್ಸೆಂದು ನೆಲಕ್ಕಿಳಿಯಿತು,
ಅದರೊಂದಿಗೆ ನಾನೂ.

ಐದಕ್ಕೆ ಹತ್ತು ನಿಮಿಷವಿರುವಾಗ ಎಚ್ಚರ.
ಕರೆತರಲು ಯಾರೂ ಇಲ್ಲ,
ಎಂದು ನನಗೆ ನಾನೇ ಹೇಳಿಕೊಳ್ಳುವಷ್ಟರಲ್ಲಿ
ಡೇರೆಯ ಬಟ್ಟೆಯಾಚೆ, ಒಂದು ಬಸ್ಸಿನಷ್ಟೂ ದೂರವಿಲ್ಲದೆ,
ಉಸಿರು.
ಹುಲ್ಲು ಕಿತ್ತ ಸದ್ದು. ಮತ್ತೆ ಉಸಿರು, ದೊಡ್ಡದು, ಒದ್ದೆ.

ಮೂತ್ರಕ್ಕೆ ಅವಸರವಿತ್ತು.
ಕಾಲು ಮಡಿಚಿ ಮಲಗಿದೆ, ಜಿಪ್ಪಿನ ಮೇಲಿಟ್ಟ ಕೈ ಹಿಂದೆಗೆದೆ.
ದಾಟಲಿ.
ಅದು ಮೊದಲು ದಾಟಲಿ.