ನಿದ್ದೆಯ ಹೊತ್ತಿನ ಊರು

ತಂಗಿಗೆ ರಾತ್ರಿ ಪಾಳಿ. ಕೋಣೆ ಒಂದೇ, ಮಂಚವೂ ಒಂದೇ.
ಬೆಳಗ್ಗೆ ಎಂಟಕ್ಕೆ ಬಂದು ಬೂಟು ಬಿಚ್ಚುತ್ತಲೇ
"ಅಕ್ಕಾ, ಊರು ನೋಡ್ಕೊಂಡ್ ಬಾ" ಅನ್ನುತ್ತಾಳೆ ಪ್ರಿಸಿಲ್ಲಾ.
ಅಂದರೆ, ನಾಲ್ಕರ ತನಕ ಬರಬೇಡ.
ಮುಹರಕ್ಕಿನಲ್ಲಿ ನನ್ನ ಪ್ರವಾಸ ಶುರುವಾದದ್ದು ಹೀಗೆ,
ಕೈಯಲ್ಲೊಂದು ಕೊಡೆ, ಕುಪ್ಪಸದಲ್ಲಿ ನಾಲ್ಕು ದಿನಾರು.

ಮೊದಲ ದಿನ ಬಿಸಿಲಿನ ಗೋಡೆ ಹಿಡಿದು ನಡೆದೆ.
ಎದುರು ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದವರೆಲ್ಲ
ಹಾಸಿನಲ್ಲಿ ತಪ್ಪಿದ ಎಳೆಯನ್ನು
ಬೆಟಗೇರಿಯ ಮಗ್ಗದಲ್ಲಿ ನಾವು ನೋಡುವ ಹಾಗೆ
ನನ್ನನ್ನು ನೋಡಿದರು.
ಹತ್ತು ಗಂಟೆಗೆ ತಲೆಗೆ ಹೊಳೆಯಿತು:
ಈ ಓಣಿಗಳಿಗೆ ಎಡ ಬಲ ಇಲ್ಲ,
ನೆರಳು ಇದೆ, ನೆರಳು ಇಲ್ಲ, ಅಷ್ಟೆ.

ಎರಡನೆಯ ದಿನ ಹಸಿವು.
ಪಕ್ಕದ ಮೇಜಿನವರ ತಟ್ಟೆಗೆ ಬೆರಳು ತೋರಿಸಿದೆ.
ಬಂತು: ಶಾವಿಗೆ, ಸಕ್ಕರೆ, ಏಲಕ್ಕಿ,
ಮೇಲೊಂದು ಆಮ್ಲೆಟ್ಟು, ಕೌದಿ ಹೊದಿಸಿದ ಹಾಗೆ.
ಅವ್ವ ನೋಡಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದಳು.
ನಾನು ಇನ್ನೊಂದು ತಟ್ಟೆ ಹೇಳಿದೆ.

ವಿಮಾನಗಳು ಇಲ್ಲಿ
ಮಾಳಿಗೆಯ ಮೇಲೆ ಒಣಗುವ ಲುಂಗಿಗೆ ತಾಗುವಷ್ಟು ಕೆಳಗೆ.
ಹೊಸಬರು ತಲೆ ಎತ್ತುತ್ತಾರೆ.
ಊರಿನವರು ಎತ್ತುವುದಿಲ್ಲ. ಮಾತು ನಿಲ್ಲಿಸುತ್ತಾರೆ,
ಸದ್ದು ದಾಟಿದ ಮೇಲೆ ಅರ್ಧ ಕಚ್ಚಿದ ಶಬ್ದದಿಂದಲೇ
ಮುಂದುವರಿಸುತ್ತಾರೆ.
ಮೂರು ದಿನ ತಲೆ ಎತ್ತಿದೆ.
ನಾಲ್ಕನೆಯ ದಿನ ಮೀನಂಗಡಿಯಲ್ಲಿ
"ಕಿಲೋಗೆ ಕಿತ್ನಾ, ಆ ಬಾಲದ್ದು ಬೇಡ, ಈ..."
ಸುಮ್ಮನಾದೆ. ಅವನೂ ತಕ್ಕಡಿ ಹಿಡಿದು ಸುಮ್ಮನಾದ.
"...ದು."
ಅವನು ನಕ್ಕ. ನೂರು ಫಿಲ್ಸ್ ಕಡಿಮೆ ಮಾಡಿದ.
ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ.

ಹವಳದ ಕಲ್ಲಿನ ಒಂದು ಮನೆ, ಹೊರಗೋಡೆಯಲ್ಲಿ ತಣ್ಣೀರಿನ ನಲ್ಲಿ,
ಸರಪಳಿ ಕಟ್ಟಿದ ಲೋಟ.
ಬಾಗಿಲ ಕಟ್ಟೆಯ ಮೇಲೆ ಕೂತ ಮುದುಕಿ ಅರಬ್ಬಿಯಲ್ಲಿ ಏನೋ ಕೇಳಿದಳು.
"ಹೂಂ ಯವ್ವಾ, ಭಾಳ ಸೆಕಿ" ಅಂದೆ.
ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.
ನನ್ನ ಸೆರಗಿನ ಅಂಚು ಹಿಡಿದು, ಕಣ್ಣಿಗೆ ಹತ್ತಿರ ತಂದು,
ಎಳೆ ಎಣಿಸತೊಡಗಿದಳು. ನಾನೇ ನೇಯ್ದದ್ದು ಎನ್ನಲು
ಕೈಕಾಲು ಆಡಿಸಿ ತೋರಿಸಿದೆ, ಲಾಳಿ, ಹಲಗೆ, ತುಳಿ.
ಕುಣಿಯುವವಳು ಅಂದುಕೊಂಡಳೋ ಏನೋ,
ಚಪ್ಪಾಳೆ ತಟ್ಟಿದಳು.

ಸಂಜೆ ಚಹಾ ಕುಡಿಯುತ್ತ ತಂಗಿಗೆ ಹೇಳುತ್ತಿದ್ದೆ,
ಹಲ್ವಾ ತಿರುವುವ ಆ ಕೊಪ್ಪರಿಗೆ, ಆಳೆತ್ತರದ ಸಟ್ಟುಗ...
"ಎಲ್ಲಿ ಅದು?"
ನಿನ್ನ ಕಿಟಕಿಯ ಹಿಂದೆ, ಪ್ರಿಸ್ಸೀ.
ಎಂಟು ವರ್ಷ. ಅವಳಿಗೆ ಗೊತ್ತಿದ್ದ ಊರು:
ಮೆಟ್ಟಿಲು, ವ್ಯಾನು, ವಾರ್ಡು, ವ್ಯಾನು, ಮೆಟ್ಟಿಲು.
ಆ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದಾಳೆ,
ಹಗಲು ಒಳಗೆ ಬರದಿರಲಿ ಎಂದು.

ಆರನೆಯ ದಿನ ಅವಳಿಗೆ ರಜೆ. "ನೀನೇ ತೋರಿಸು" ಅಂದಳು.
ಮುಂದೆ ನಾನು, ಹಿಂದೆ ಅವಳು.
ಚಿಕ್ಕವರಿದ್ದಾಗ ಬಣ್ಣದ ನೂಲು ತರಲು ಹೋಗುತ್ತಿದ್ದ ಹಾಗೆ.
ಯಾವ ಗೋಡೆ ಹಿಡಿಯಬೇಕು ಹೇಳಿಕೊಟ್ಟೆ.
ವಿಮಾನ ಬಂದಾಗ ಅವಳು ತಲೆ ಎತ್ತಿದಳು.
ಶಾವಿಗೆ ಅರ್ಧಕ್ಕೆ ಬಿಟ್ಟಳು.
ಹಾಯಿದೋಣಿಗಳ ದಕ್ಕೆಗೆ ಬರುವಷ್ಟರಲ್ಲಿ ಸಂಜೆ,
ಬೆಂಚಿನ ಮೇಲೆ ಕೂತವಳು ಒಂದು ಆಕಳಿಕೆ,
ಇನ್ನೊಂದು, ಆಮೇಲೆ ನನ್ನ ಭುಜಕ್ಕೆ ಒರಗಿ
ಬಾಯಿ ತೆರೆದು ಮಲಗಿಬಿಟ್ಟಳು.

ಔಷಧಿಯ ಚೀಟಿ ಹಿಡಿದ ಒಬ್ಬ ಹುಡುಗ
ಹಿಂದಿಯಲ್ಲಿ ದಾರಿ ಕೇಳಿದ. ಏಳುವಂತಿಲ್ಲ,
ದನಿ ಎತ್ತುವಂತಿಲ್ಲ. ಗದ್ದದಿಂದ ತೋರಿಸಿದೆ,
ಪಿಸುದನಿಯಲ್ಲಿ ಸೇರಿಸಿದೆ:
ಹಲ್ವಾದ ವಾಸನೆ ಸಿಗುವ ತನಕ ಹೋಗು,
ಆಮೇಲೆ ನಲ್ಲಿ ಇರುವ ಗೋಡೆ, ಅಲ್ಲಿ ಬಲಕ್ಕೆ.
ಎಡಕ್ಕೋ ಏನೋ.
ಅವನು ಆಗಲೇ ಹೊರಟಿದ್ದ, ನಂಬಿಕೊಂಡು.