ಇತರೆ

ಅಂಬಾರಾಯನ ಆನ್‌ಲೈನ್ ಅಂಗಡ್ಯಾಗ
ಫ್ಯಾನ್ ತಿರುಗ್ತದ, ಗಾಳಿ ಬರಂಗಿಲ್ಲ.
ಗಂಜಿನ ಕಡಿಂದ ತೊಗರಿ ಧೂಳು ಹಾರಿ ಬಂದು
ಕೀಬೋರ್ಡಿನ ಸಂದ್ಯಾಗ ಕುಂತದ.
‘ಜಗದೇವಿ, ಹೆಚ್ಚುವರಿ ವಿದ್ಯಾರ್ಹತೆ ಅಂತ
ಒಂದು ಖಾನಿ ಕೇಳಲತ್ತದ,
ಏನ್ ಹಾಕ್ಲಿ?’

ಸಿನಿಮಾ ಟಿ.ವಿ. ಕೋರ್ಸು, ಎರಡನೇ ವರ್ಷ ಅಂದ್ರ
ನಮ್ಮ ಓಣ್ಯಾಗ ಟಿ.ವಿ. ರಿಪೇರಿ ಅಂತ ತಿಳಕೊಂಡಾರ.
ಮೊನ್ನೆ ಒಬ್ಬಾಕಿ ರಿಮೋಟ್ ತಂದುಕೊಟ್ಟಳು.
ಸೆಲ್ ಬದಲಿ ಮಾಡಿ ಕೊಟ್ಟೆ,
‘ಚಲೋ ಕಲತೀದಿ ಬಿಡು’ ಅಂದಳು.

ಚಂದ್ರಶಾ ಮಾಮ ಬಿ.ಎಡ್. ಅಂದ,
ಕ್ಯಾಮರಾ ಕೈ ಬಿಟ್ರೂ ಖಡು ಕೈ ಬಿಡಂಗಿಲ್ಲಂತ.
ಭಾಗೀರಥಿ ಟ್ಯಾಲಿ ಕಲಿ ಅಂದಳು,
ಬ್ಯಾಳಿ ಮಿಲ್ಲಿನ್ಯಾಗ ಲೆಕ್ಕ ಬರೀಲಾಕ.
ಅವ್ವ ಏನೂ ಅನಲಿಲ್ಲ.
ಅದೇ ಮಿಲ್ಲಿನ್ಯಾಗ ಇಪ್ಪತ್ತು ವರ್ಷ
ಕಣ್ಣು ಎಲ್ಲೋ, ಕೈ ಎಲ್ಲೋ ಇಟ್ಟು
ಮಾತಾಡಕೋತನೇ ಹಳ್ಳು ತಗೀತಾಳ.
ಅದಕ್ಕ ಸರ್ಟಿಫಿಕೇಟ್ ಇಲ್ಲ.

ನನಗ ನೆನಪಾದದ್ದು ಬಾವಿ.
ಹೋದ ಸೆಮಿಸ್ಟರಿನ ಹನ್ನೆರಡು ನಿಮಿಷದ ಚಿತ್ರ,
ಆಳಂದ ರೋಡಿನ ಹಾಳು ಬಾವಿ,
ಯಾರದದು ಅಂತ ಎರಡು ಓಣಿ ಜಗಳ.
ಒಬ್ಬ ಮುದುಕ ಅಂಗಿ ಒಳಗಿಂದ
ನಿಜಾಮನ ಕಾಲದ ಕಾಗದ ತಗದು ಬಿಚ್ಚಿದ, ಉರ್ದು.
ಕಿಟಕಿ ಬೆಳಕಿಗೆ ಹಿಡಿ ಅಂದೆ.
ನಲವತ್ತು ಸೆಕೆಂಡ್ ಕ್ಲೋಸಪ್:
ಮಸಿ, ಮಡಿಕಿ, ಹುಳ ತಿಂದ ಅಂಚು,
ಅಂಚಿನಾಚಿ ನಡುಗೋ ಹೆಬ್ಬೆಟ್ಟು.
ಕ್ಲಾಸಿನ್ಯಾಗ ಚಪ್ಪಾಳಿ ಬಿತ್ತು.
ಹಿಂದಿನ ಬೆಂಚಿನಿಂದ ಸರ್ ಕೇಳಿದ್ರು:
‘ಏನ್ ಬರದದ ಅದರಾಗ?’

ಚಂದ ತೋರಿಸಿದ್ದೆ.
ಓದಿರಲಿಲ್ಲ.

‘ಉರ್ದು ಡಿಪ್ಲೊಮಾ ಹಾಕು’ ಅಂದೆ.
ಅಂಬಾರಾಯ ಪಟ್ಟಿ ಮ್ಯಾಲ ಕೆಳಗ ಜಗ್ಗಿದ.
ಹೊಲಿಗಿ ಅದ, ಟೈಪಿಂಗ್ ಅದ, ಯೋಗ ಸುದ್ದಾ ಅದ,
ಉರ್ದು ಇಲ್ಲ.
‘ಇತರೆ ಅಂತ ಒತ್ತಲೇನು?’
‘ಒತ್ತು.’
ಪ್ರಿಂಟಿಗಿ ಹತ್ತು, ಫಾರ್ಮಿಗಿ ಮೂವತ್ತು.

ಈಗ ಸಂಜಿ ಮುಂದ ಮೋಮಿನಪುರದಾಗ
ಸಾಬೇರಾ ಆಪಾನ ಮನಿ ಮಾಳಗಿ ಮ್ಯಾಲ
ಬಲದಿಂದ ಎಡಕ್ಕ ಬರೀತೀನಿ.
ರಾತ್ರಿ ಎಡಿಟಿಂಗಿಗೆ ಕುಂತ್ರ
ಟೈಮ್‌ಲೈನು ಎಡದಿಂದ ಬಲಕ್ಕ ಓಡ್ತದ,
ನಡಕ ಎಲ್ಲೋ ನನ್ನ ಕಣ್ಣಿಗೆ ಡಿಕ್ಕಿ ಹೊಡೀತದ.
‘ಚುಕ್ಕಿ ನೋಡು ಬೇಟಿ,’ ಅಂತಾಳ ಆಪಾ,
‘ಒಂದು ಚುಕ್ಕಿ ಜಾಗ ಬಿಟ್ರ
ಖುದಾ ಹೋಗಿ ಜುದಾ ಆಗ್ತದ.’
ನನಗ ಗೊತ್ತಿದ್ದ ಚುಕ್ಕಿ
ಕ್ಯಾಮರಾದ ಮೂಲ್ಯಾಗ ಕೆಂಪಗ ಉರಿಯೋದು ಒಂದೇ.
ಅದು ಉರಿದ್ರ ಸಾಕು,
ಎಲ್ಲಾ ಹಿಡದೆ ಅನ್ಕೊಂಡಿದ್ದೆ.

ಇದರಿಂದ ನೌಕರಿ ಸಿಗ್ತದೇನು
ಅಂತ ಮಾಮ ಫೋನ್ ಮಾಡ್ದಾಗೊಮ್ಮೆ ಕೇಳ್ತಾನ.
ಗೊತ್ತಿಲ್ಲ ಅಂತೀನಿ, ಖರೇನೇ ಗೊತ್ತಿಲ್ಲ.
ಒಂದಿನ ಅವ್ವ ನನ್ನ ವಹಿ ಮ್ಯಾಲ ಬಾಗಿ
ಅಕ್ಷರದ ಮ್ಯಾಲ ಕೆಳಗ ಚಲ್ಲಿದ್ದ ಚುಕ್ಕಿಗೊಳು ನೋಡಿ
‘ಇವು ಆರಿಸಿ ತಗೀಬೇಕೇನು?’ ಅಂದಳು.
‘ಬ್ಯಾಡಬೇ, ಇವು ಇರಬೇಕು.’
‘ಹೌದಾ?’ ಅಂದಳು.
ಆದ್ರೂ ಒಂದರ ಮ್ಯಾಲ ಉಗುರು ಆಡಿಸಿ ನೋಡಿದಳು.

ನಿನ್ನೆ ಆ ನಲವತ್ತು ಸೆಕೆಂಡ್ ಮತ್ತ ತಗದೆ,
ನಿಂದರಿಸಿ ನಿಂದರಿಸಿ ಓದಿದೆ.
ಬಾವಿ ಯಾರದಂತ ಇನ್ನೂ ತಿಳಿವಲ್ದು,
ಹೆಸರಿದ್ದಲ್ಲೇ ಹುಳ ತಿಂದದ.
ಕೊನಿ ಸಾಲೊಂದು ಪೂರಾ ಬಂತು:
‘ಮೌಕಾದ ಮ್ಯಾಲ ಯಾರೂ ಹಾಜರ್ ಇರಲಿಲ್ಲ.’

ಯಾರೂ ಇರಲಿಲ್ಲ ಅಂತ ಬರದಾಂವ
ಬಾವಿಯ ಯಾವ ದಂಡಿಗೆ ನಿಂತಿದ್ದ?
ಬಿಸಿಲು ಅವನ ಬೆನ್ನಿಗಿತ್ತೋ,
ಮಾರಿಗಿತ್ತೋ?