ಮೂವತ್ತೊಂದು ಅಕ್ಷರ

ಶ್ರೀನಿವಾಸಪುರದ ಮಂಡಿಯಲ್ಲಿ ಮೇ ತಿಂಗಳೆಂದರೆ
ತೋತಾಪುರಿಯ ಸೊನೆ ಕೀಬೋರ್ಡಿಗೂ ಅಂಟುತ್ತದೆ.
ಹೊರಗೆ ಹರಾಜಿನ ಕೂಗು, ಕ್ರೇಟು ಎಳೆಯುವ ಸದ್ದು,
ಒಳಗೆ ನಾನು, ಒಂದು ಫ್ಯಾನು,
ಕೆಂಪು ರಟ್ಟಿನ ನಲವತ್ತು ಖಾತೆ ಪುಸ್ತಕ.

"ಎಲ್ಲಾನೂ ಕಂಪ್ಯೂಟರಿಗೆ ಹಾಕಮ್ಮಾ,
ಒಬ್ಬೊಬ್ರಿಗೆ ಒಂದೊಂದು ಶೀಟು"
ಅಂತ ಹೇಳಿ ಖಲಂದರ್ ಸಾಬರು ಚಹಾಕ್ಕೆ ಹೋದರು.
ಶೀಟಿಗೇನು ಬರವಿಲ್ಲ.
ಹೆಸರಿಡುವಾಗ ಗೊತ್ತಾಯಿತು.

ಮೊದಲು ಶೆಟ್ಟರ ಓರೆಗೆರೆ ಹೋಯಿತು.
ಹಳೇ ಗುಮಾಸ್ತೆ ಶೆಟ್ಟರು ಎಲ್ಲಕ್ಕೂ ಓರೆಗೆರೆ ಎಳೆದವರು:
ತೋಪಿನ ಸರ್ವೆ ನಂಬರು ೪೨/೩, ತಾರೀಕು ೧೨/೫,
ಮಾತು ಬಿಟ್ಟ ಅಣ್ಣ/ತಮ್ಮ.
ಯಂತ್ರ ಒಪ್ಪದು. ಅಡ್ಡಗೆರೆ ಹಾಕಿದೆ,
ತೋಪು ಜಗಳಕ್ಕೆ ಬರಲಿಲ್ಲ.
ಚೌಕ ಆವರಣ ಬೇಡ, ಎರಡು ಚುಕ್ಕಿ ಬೇಡ, ನಕ್ಷತ್ರ ಬೇಡ.
ಬಾಕಿದಾರರ ನೆತ್ತಿಗೆ ಶೆಟ್ಟರು ಇಟ್ಟ ನಕ್ಷತ್ರಗಳೆಲ್ಲ
ಒಂದೇ ಮಧ್ಯಾಹ್ನ ಉದುರಿದವು.

ಶ್ರೀ. ನನ್ನ ಕಣ್ಣಿಗೆ ಒಂದೇ ಅಕ್ಷರ.
ಯಂತ್ರ ಹೆಣಿಗೆ ಬಿಚ್ಚಿ ಎಣಿಸುತ್ತದೆ:
ಶ, ಹಲಂತ, ರ, ದೀರ್ಘ.
ಇರುವ ಮೂವತ್ತೊಂದರಲ್ಲಿ ನಾಲ್ಕು ಬಾಗಿಲಲ್ಲೇ ಖರ್ಚು.
ಲಕ್ಷ್ಮಿ ಬೇಸರ ಮಾಡಿಕೊಳ್ಳದಿರಲಿ, ಬಿಟ್ಟೆ.

ವೆಂಕಟರವಣಪ್ಪ ಬಿನ್ ದೊಡ್ಡ ಮುನಿಶಾಮಪ್ಪ.
ಹೊಡೆಯುತ್ತಾ ಹೋದೆ,
ಮುನಿಶಾಮಪ
ಅನ್ನುವಲ್ಲಿ ಜಾಗ ಮುಗಿಯಿತು.
ಎಂಬತ್ತು ದಾಟಿದ ಮುದುಕ
ಒತ್ತು ಕಳಕೊಂಡು ಗೇಟಿನಾಚೆ ನಿಂತ.
'ದೊಡ್ಡ' ತೆಗೆಯೋಣವೆಂದರೆ
ಚಿಕ್ಕ ಮುನಿಶಾಮಪ್ಪನ ಮಗನೂ ವೆಂಕಟರವಣಪ್ಪನೇ,
ಒಂದೇ ಹೆಸರಿನ ಇಬ್ಬರನ್ನು ಯಂತ್ರ ಒಳಗೆ ಬಿಡದು.
ಕೊನೆಗೆ 'ಬಿನ್' ತೆಗೆದೆ.
ಮಗ ಅಪ್ಪನ ಭುಜಕ್ಕೆ ಭುಜ ತಾಗಿಸಿ ನಿಂತ.
ಮೂರು ಅಕ್ಷರ ಮಿಕ್ಕಿತು.

ಮೂವತ್ತೆಂಟನೇ ಪುಸ್ತಕ.
? ಕೋಂ ಲೇಟ್ ಚೌಡಪ್ಪ, ರೋಣೂರು.
ಶೆಟ್ಟರಿಗೆ ಹೆಸರು ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.
ಹನ್ನೊಂದು ವರ್ಷ ಹಣ್ಣು ಬಂದಿದೆ, ತೂಕ ಸರಿಯಿದೆ,
ಕಮಿಷನ್ ಕಳೆದು ಪೈಸೆ ಪೈಸೆ ಸಂದಿದೆ
ಒಂದು ಪ್ರಶ್ನೆಯ ಗುರುತಿಗೆ.
ಪುಸ್ತಕ ಸಹಿಸಿಕೊಂಡಿತ್ತು.
ಯಂತ್ರ ಸಹಿಸಲಿಲ್ಲ. ಪ್ರಶ್ನೆ ಬೇಡ.
ಖಾಲಿಯೂ ಬಿಡಬೇಡ.

ಎದ್ದು ಹೋದೆ. ಟೆಂಪೋ ನೆರಳಲ್ಲಿ ಕೂತು
ಆಕೆ ಪೆಟ್ಟಾದ ಕಾಯಿ ಬೇರೆ ಮಾಡುತ್ತಿದ್ದಳು.
"ಹೆಸರೇನಮ್ಮಾ?"
"ಚೌಡಪ್ಪನ ಮನೆಯೋರು."
"ಅಲ್ಲ, ನಿಮ್ದು."
"ಯಾಕವ್ವಾ, ದುಡ್ಡು ಬರಲ್ವಾ?"
"ಬರುತ್ತೆ. ಹೆಸರಿಲ್ದೆ ಶೀಟು ತೆರೆಯಲ್ಲ."
ಸೊನೆ ಹತ್ತಿದ ಕೈಯನ್ನು ಗೋಣಿಗೆ ಒರೆಸಿ,
ಮತ್ತೂ ಒಮ್ಮೆ ಒರೆಸಿ,
ಯಾರದೋ ಹೆಸರು ನೆನಪಿಸಿಕೊಳ್ಳುವವಳಂತೆ,
"ಗಂಗುಲಮ್ಮ."

ಕಣ್ಣಿಗೆ ನಾಲ್ಕು, ಯಂತ್ರಕ್ಕೆ ಎಂಟು.
"ಇನ್ನೂ ಜಾಗ ಇದೆ, ಏನಾದ್ರೂ ಸೇರಿಸ್ಲಾ?"
ಗಂಡನ ಹೆಸರು ಹೇಳುತ್ತಾಳೆ ಅಂದುಕೊಂಡೆ.
"ಬೇನಿಷಾ ಅಂತ ಹಾಕು.
ನಾನೇ ಕಸಿ ಕಟ್ಟಿದ್ದು,
ಈ ಸಲ ಮೊದ್ಲು ಬಿಟ್ಟೈತೆ."